ಮೌನವು ಸಮ್ಮತಿಯಲ್ಲ

ಮೌನವು ಸಮ್ಮತಿಯ ಲಕ್ಷಣವೆಂದು ಹಿಂದಿನವರು ಹೇಳಿಟ್ಟಿರುವರು. ಮನುಷ್ಯರ ವ್ಯವಹಾರದಲ್ಲಿಯೇ ಈ ಮಾತು ಎಷ್ಟೋ ಸಲ ಸುಳ್ಳಾಗುವುದನ್ನು ನಾವೆಲ್ಲರೂ ಬಲ್ಲೆವು. ಅಧಿಕಾರಿಯ ಮುಂದೆ ತಲೆತಗ್ಗಿಸಿ ನಿಂತವನು ಒಪ್ಪಿಯೇ ನಿಂತಿರಬೇಕೆಂದಿಲ್ಲ. ಬಾಯಿ ತೆರೆದರೆ ಕೇಡೆಂದು ತಿಳಿದು ಸುಮ್ಮನಿರಲೂಬಹುದು. ಮಾತು ಬಲ್ಲ ಪ್ರಾಣಿಯ ಸಂಗತಿಯೇ ಹೀಗಿರುವಾಗ, ಮಾತು ಬಾರದ ಪ್ರಾಣಿಗಳ ಮೌನಕ್ಕೆ ನಾವು ಕಟ್ಟುವ ಅರ್ಥ ಎಷ್ಟರಮಟ್ಟಿಗೆ ನಂಬಲರ್ಹವಾದುದು?

ಜಾತ್ರೆಯ ತಮಟೆ ನಗಾರಿಗಳ ನಡುವೆ ಆನೆ ಕದಲದೆ ನಿಂತಿರುತ್ತದೆ. ನೋಡಿದವರು ‘ಎಷ್ಟು ಸಾಧು!’ ಎನ್ನುತ್ತಾರೆ. ಕಾಡಿನ ದಾರಿಯಲ್ಲಿ ನಾಲ್ಕಾರು ಜೀಪುಗಳು ಬಂದು ನಿಂತರೂ ಜಿಂಕೆ ಓಡದಿದ್ದರೆ ‘ಇವಕ್ಕೆ ನಾವು ರೂಢಿಯಾಗಿಬಿಟ್ಟಿದ್ದೇವೆ’ ಎನ್ನುತ್ತಾರೆ. ಪ್ರಯೋಗಶಾಲೆಯ ಇಲಿ ಕೈಯಲ್ಲಿ ಮಿಸುಕದಿದ್ದರೆ ಅದು ಶಾಂತವಾಗಿದೆ ಎಂದು ಭಾವಿಸುತ್ತಾರೆ. ಈ ಮಾತುಗಳು ಒಂದೊಂದು ಸಂದರ್ಭದಲ್ಲಿ ನಿಜವಾಗಿರಲೂಬಹುದು. ಆದರೆ ಓಡದಿರುವುದೇ, ಕೂಗದಿರುವುದೇ ನೆಮ್ಮದಿಗೆ ಸಾಕ್ಷಿ ಎಂಬ ತರ್ಕಕ್ಕೆ ಇಂದಿನ ಮಿದುಳಿನ ವಿಜ್ಞಾನದಲ್ಲಿ ಆಧಾರವಿಲ್ಲ. ಪ್ರಾಣಿಗಳೊಡನೆ ನಾವು ನಡೆದುಕೊಳ್ಳುವ ರೀತಿಯೂ, ಅದಕ್ಕಾಗಿ ಮಾಡಿಕೊಂಡಿರುವ ನಿಯಮಗಳೂ ಬಹುಮಟ್ಟಿಗೆ ಈ ತರ್ಕವನ್ನೇ ನೆಚ್ಚಿಕೊಂಡಿರುವುದರಿಂದ, ಅದನ್ನು ಪರೀಕ್ಷಿಸಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಈ ತಪ್ಪು ತಿಳಿವಳಿಕೆ ಇಂದು ನಿನ್ನೆಯದಲ್ಲ. 1646ರಲ್ಲಿ ಅಥನೇಸಿಯಸ್ ಕಿರ್ಷರ್ ಎಂಬ ಜೆಸ್ಯುಯಿಟ್ ಪಂಡಿತನು ಒಂದು ವಿನೋದದ ಪ್ರಯೋಗವನ್ನು ಗ್ರಂಥಸ್ಥಗೊಳಿಸಿದನು. ಕೋಳಿಯ ಕಾಲುಗಳನ್ನು ಕಟ್ಟಿ, ನೆಲದ ಮೇಲೆ ಮಲಗಿಸಿ, ಅದರ ಕಣ್ಣೆದುರಿಗೆ ಸೀಮೆಸುಣ್ಣದ ಗೆರೆಯೊಂದನ್ನೆಳೆದು, ಆಮೇಲೆ ಕಟ್ಟನ್ನು ಬಿಚ್ಚಿದರೂ ಕೋಳಿ ಏಳುವುದಿಲ್ಲ. ಗೆರೆಯನ್ನೇ ಹಗ್ಗವೆಂದು ಕೋಳಿ ಭ್ರಮಿಸಿದೆ ಎಂದು ಕಿರ್ಷರನು ವಿವರಿಸಿದನು. ಮುಂದೆ ಬಂದವರು ಇದಕ್ಕೆ ‘ಪ್ರಾಣಿಗಳ ಸಮ್ಮೋಹನ’ ಎಂದು ಹೆಸರಿಟ್ಟರು. ಗೆರೆಗೂ ಇದಕ್ಕೂ ಸಂಬಂಧವಿಲ್ಲವೆಂಬುದು ಈಗ ತಿಳಿದಿದೆ. ಅದುಮಿ ಹಿಡಿಯಲ್ಪಟ್ಟ ಪಕ್ಷಿಯ ದೇಹ ತಾನಾಗಿಯೇ ಮರವಟ್ಟು ಬೀಳುತ್ತದೆ. ಸತ್ತ ಹದ್ದನ್ನು ಒಣಹುಲ್ಲು ತುಂಬಿ ಎದುರಿಗಿಟ್ಟರೆ ಆ ಸ್ಥಿತಿ ಇನ್ನೂ ಹೆಚ್ಚು ಹೊತ್ತು ಉಳಿಯುವುದು. ಬೇಟೆಗಾರ ಪ್ರಾಣಿಯ ಹಿಡಿತಕ್ಕೆ ಸಿಕ್ಕಮೇಲೆ ಹೋರಾಟ ನಿಷ್ಫಲವಾದಾಗ ಪ್ರಕೃತಿ ಒದಗಿಸಿರುವ ಕೊನೆಯ ಉಪಾಯವಿದು: ಸತ್ತಂತೆ ಬಿದ್ದಿದ್ದರೆ ಹಿಡಿತ ಸಡಿಲಗೊಂಡೀತು, ಆಗ ಪಾರಾಗಬಹುದು. ಸಾಕಿದ ಮೊಲವನ್ನು ಬೆನ್ನಮೇಲೆ ಮಲಗಿಸಿ, ಅದು ನಿಶ್ಚಲವಾಗುವುದನ್ನು ನೋಡಿ, ಸುಖದಿಂದ ಮೈಮರೆತಿದೆ ಎಂದು ಮೆಚ್ಚುವವರು ಇಂದಿಗೂ ಇದ್ದಾರೆ. 2006ರಲ್ಲಿ ಇಂಥ ಮೊಲಗಳನ್ನು ಪರೀಕ್ಷಿಸಿದವರಿಗೆ ಕಂಡದ್ದು ಸುಖವಲ್ಲ, ಕಳವಳದ ಲಕ್ಷಣಗಳು.

ಹಾಗಾದರೆ ಅಪಾಯ ಕಂಡಾಗ ಪ್ರಾಣಿಯ ಮಿದುಳಿನಲ್ಲಿ ನಡೆಯುವುದೇನು?

ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಅವರು ಬೆಕ್ಕುಗಳ ಮಿದುಳಿನ ಆಳಕ್ಕೆ ಸೂಕ್ಷ್ಮವಾದ ತಂತಿಗಳನ್ನಿಳಿಸಿ, ಅಲ್ಪ ಪ್ರಮಾಣದ ವಿದ್ಯುತ್ತನ್ನು ಹಾಯಿಸಿ ನೋಡಿದರು. ಹೈಪೊಥಲಾಮಸ್ ಎಂಬ ಭಾಗದ ಒಂದು ನಿರ್ದಿಷ್ಟ ಸ್ಥಳವನ್ನು ಕೆಣಕಿದಾಗ, ಎದುರಿಗೆ ನಾಯಿಯಿಲ್ಲದಿದ್ದರೂ ಬೆಕ್ಕು ನಾಯಿಯನ್ನು ಕಂಡಂತೆ ಬೆನ್ನು ಬಾಗಿಸಿ, ರೋಮ ನಿಮಿರಿಸಿ, ಬುಸುಗುಟ್ಟಿತು. ದೇಹದ ಒಳಾಂಗಗಳನ್ನು ನಿಯಂತ್ರಿಸುವ ಮಿದುಳಿನ ವ್ಯವಸ್ಥೆಯನ್ನು ಶೋಧಿಸಿದುದಕ್ಕಾಗಿ ಹೆಸ್ ಅವರಿಗೆ 1949ರಲ್ಲಿ ನೊಬೆಲ್ ಬಹುಮಾನ ಸಂದಿತು. ಆತ್ಮರಕ್ಷಣೆಯ ವರ್ತನೆಗಳು ಆಗಿಂದಾಗ್ಗೆ ಹೊಸದಾಗಿ ಕಲ್ಪಿಸಿಕೊಂಡವುಗಳಲ್ಲ, ಮಿದುಳಿನಲ್ಲಿ ಮೊದಲೇ ಹೆಣೆದಿಟ್ಟ ನರಜಾಲಗಳ ಕೆಲಸ ಎಂಬುದು ಅಂದಿನಿಂದ ಸ್ಪಷ್ಟವಾಗುತ್ತ ಬಂದಿದೆ.

2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಯಿಲ್ಮಾಜ್ ಮತ್ತು ಮೈಸ್ಟರ್ ಎಂಬವರು ಇಲಿಯ ಪೆಟ್ಟಿಗೆಯ ಮೇಲ್ಗಡೆ ಒಂದು ತೆರೆಯನ್ನಿಟ್ಟು, ಅದರ ಮೇಲೆ ಕಪ್ಪು ಚಕ್ರವೊಂದು ಸರಸರನೆ ದೊಡ್ಡದಾಗುವಂತೆ ತೋರಿಸಿದರು. ಮೇಲಿನಿಂದ ಹದ್ದು ಎರಗಿದಾಗ ಕಾಣುವ ನೆರಳಿನಂತೆಯೇ ಇದು. ಇಲಿಗಳು ಒಂದೋ ಗೂಡಿಗೆ ಓಡಿದವು, ಇಲ್ಲವೆ ಇದ್ದಲ್ಲಿಯೇ ಕಲ್ಲಾದವು. ಆ ಇಲಿಗಳು ಹದ್ದನ್ನು ಹಿಂದೆಂದೂ ಕಂಡಿರಲಿಲ್ಲ, ಕಲಿಸಿದವರಾರೂ ಇಲ್ಲ. 2018ರಲ್ಲಿ ಲಂಡನ್ನಿನಲ್ಲಿ ಟಿಯಾಗೊ ಬ್ರಾಂಕೊ ಮತ್ತು ಅವರ ಸಂಗಡಿಗರು ಇದರ ಒಳಮರ್ಮವನ್ನು ಬಿಡಿಸಿ ತೋರಿಸಿದರು. ನಡುಮಿದುಳಿನ ಮೇಲ್ಭಾಗದ ಒಂದು ಕೇಂದ್ರ, ಕಣ್ಣು ಮೊದಲಾದವುಗಳಿಂದ ಬಂದ ಸುದ್ದಿಯನ್ನು ಕೂಡಿಹಾಕುತ್ತ ಅಪಾಯ ಎಷ್ಟೆಂದು ಅಳೆಯುತ್ತದೆ. ಅದರ ಕೆಳಗೆ, ಮಿದುಳಿನ ನೀರು ಹರಿಯುವ ಸಣ್ಣ ನಾಳವನ್ನು ಸುತ್ತಿಕೊಂಡು, ಬೂದುಬಣ್ಣದ ಒಂದು ಪ್ರದೇಶವಿದೆ. ಇದನ್ನು ನಾವು ಬೂದುವಲಯವೆಂದು ಕರೆಯೋಣ. ಮೇಲಿನ ಕೇಂದ್ರದ ಕೂಗು ಒಂದು ಮಿತಿಯನ್ನು ದಾಟುವವರೆಗೂ ಬೂದುವಲಯದ ನರಕೋಶಗಳು ಏಳುವುದಿಲ್ಲ; ದಾಟಿದೊಡನೆಯೇ ಓಟ ಮೊದಲಾಗುವುದು. ತುಂಬಿದ ಕೆರೆ ಕೋಡಿ ಬೀಳುವುದಕ್ಕೆ ಇದನ್ನು ಹೋಲಿಸಬಹುದು.

ಆದರೆ ಓಟವೊಂದೇ ಬೂದುವಲಯದ ಆಜ್ಞೆಯಲ್ಲ. ಅದರ ಮೇಲಿನ ಮತ್ತು ಪಕ್ಕದ ಪಟ್ಟಿಗಳು ಕೆರಳಿದರೆ ಪ್ರಾಣಿ ಓಡುತ್ತದೆ ಇಲ್ಲವೆ ತಿರುಗಿ ಬೀಳುತ್ತದೆ. ರಕ್ತದ ಒತ್ತಡ ಏರಿ ಎದೆ ಡವಗುಟ್ಟುತ್ತದೆ. ಕೆಳಪಕ್ಕದ ಪಟ್ಟಿ ಕೆರಳಿದರೆ ಪ್ರಾಣಿ ಅಲ್ಲಾಡದೆ ನಿಲ್ಲುತ್ತದೆ, ಎದೆಬಡಿತ ನಿಧಾನವಾಗುತ್ತದೆ. 2016ರಲ್ಲಿ ಟೊವೋಟೆ, ಲುತಿ ಮೊದಲಾದವರು ಈ ಎರಡನೆಯ ದಾರಿಯನ್ನು ಎಳೆಎಳೆಯಾಗಿ ಗುರುತಿಸಿದರು. ಮಿದುಳಿನ ಪಕ್ಕದ ಹಾಲೆಯೊಳಗೆ ಬಾದಾಮಿಯ ಆಕಾರದ ಒಂದು ಗಂಟಿದೆ. ಅಮಿಗ್ಡಲ ಎಂಬ ಅದರ ಹೆಸರಿಗೂ ಬಾದಾಮಿಯೆಂದೇ ಅರ್ಥ. ಈ ಗಂಟಿನಿಂದ ಹೊರಟ ತಂತುಗಳು ಬೂದುವಲಯದಲ್ಲಿ ತಡೆ ಹಾಕುತ್ತಿರುವ ನರಕೋಶಗಳನ್ನು ಸುಮ್ಮನಾಗಿಸುತ್ತವೆ. ಕಾವಲುಗಾರನನ್ನು ಹಿಡಿದುಕೊಂಡರೆ ಬಾಗಿಲು ತೆರೆಯುವಂತೆ ಅಲ್ಲಿಯ ಇತರ ನರಕೋಶಗಳು ಬಿಡುಗಡೆ ಹೊಂದಿ, ಮಿದುಳಿನ ಬುಡದ ಮೂಲಕ ಸ್ನಾಯುಗಳಿಗೆ ‘ಬಿಗಿದು ನಿಲ್ಲು’ ಎಂಬ ಆಜ್ಞೆಯನ್ನು ಕಳುಹುತ್ತವೆ. ಅಂದಮೇಲೆ ಈ ನಿಶ್ಚಲತೆ ಕೆಲಸವಿಲ್ಲದೆ ಬಿದ್ದಿರುವ ದೇಹದ ಸ್ಥಿತಿಯಲ್ಲ. ಅದು ಆಜ್ಞೆಯ ಮೇರೆಗೆ, ಸ್ನಾಯುಗಳ ಶ್ರಮದಿಂದ, ಕ್ಷಣಕ್ಷಣವೂ ಕಾಯ್ದುಕೊಳ್ಳಬೇಕಾದ ಸ್ಥಿತಿ. ಹೆದೆಯೇರಿಸಿ ಎಳೆದು ಹಿಡಿದ ಬಿಲ್ಲು ಸಹ ಅಲ್ಲಾಡುವುದಿಲ್ಲ. ಅಷ್ಟರಿಂದ ಅದು ವಿಶ್ರಾಂತಿಯಲ್ಲಿದೆ ಎಂದು ಯಾರೂ ಹೇಳುವುದಿಲ್ಲ.

ಓಡಬೇಕೆ, ನಿಲ್ಲಬೇಕೆ ಎಂಬುದನ್ನು ನಿರ್ಧರಿಸುವುದು ಯಾವುದು? ನಮ್ಮ ವಾದಕ್ಕೆ ಅತ್ಯಂತ ಮುಖ್ಯವಾದ ಉತ್ತರ ಬ್ರಾಂಕೊ ಅವರ ತಂಡದವರೇ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಅಡಗುವ ಗೂಡು ಇದ್ದ ಕಣದಲ್ಲಿ ಬೆದರಿಸಿದ ಇಲಿಗಳು ನೇರವಾಗಿ ಗೂಡಿನ ಕಡೆಗೆ ಓಡಿದವು. ಗೂಡು ಎಲ್ಲಿದೆಯೆಂಬುದನ್ನು ಸ್ವಲ್ಪ ಹೊತ್ತಿನ ಸುತ್ತಾಟದಲ್ಲಿಯೇ ಅವು ನೆನಪಿಟ್ಟುಕೊಂಡಿದ್ದವು. ಅಡಗುವ ಸ್ಥಳವೇ ಇಲ್ಲದ ಕಣದಲ್ಲಿ ಅದೇ ಬೆದರಿಕೆಯೊಡ್ಡಿದಾಗ ಅವು ಓಡಲಿಲ್ಲ, ನಿಂತಲ್ಲಿಯೇ ನಿಂತವು. ಬೆದರಿಕೆ ಅದೇ, ಪ್ರಾಣಿಯೂ ಅದೇ ಜಾತಿಯದು. ಹೋಗಲು ಸ್ಥಳವಿದೆಯೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ. ಸಂಕೋಲೆಯಲ್ಲಿರುವ, ಪಂಜರದಲ್ಲಿರುವ, ಸುತ್ತುವರಿಯಲ್ಪಟ್ಟಿರುವ ಪ್ರಾಣಿ ಅಲ್ಲಾಡದೆ ನಿಂತಾಗ, ಅದು ನಮ್ಮನ್ನು ನಂಬಿ ನಿಂತಿದೆಯೋ ಅಥವಾ ಓಡಲು ಎಡೆಯಿಲ್ಲವೆಂದು ಅದರ ಮಿದುಳು ಲೆಕ್ಕಹಾಕಿದೆಯೋ ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ. ಹೊರಗಣ್ಣಿಗೆ ಎರಡೂ ಒಂದೇ.

ನರಗಳ ಈ ಮಿಂಚಿನ ವೇಗದ ಕೆಲಸದ ಹಿಂದೆಯೇ, ರಕ್ತದ ಮೂಲಕ ಸಾಗುವ ನಿಧಾನವಾದ ಕೆಲಸವೊಂದು ಮೊದಲಾಗುವುದು. 1890ರ ದಶಕದ ಕೊನೆಯಲ್ಲಿ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಅವರು ಆಗತಾನೆ ಬಳಕೆಗೆ ಬಂದಿದ್ದ ಕ್ಷ-ಕಿರಣಗಳ ಸಹಾಯದಿಂದ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದಾಗ, ಬೆಕ್ಕು ಕಳವಳಗೊಂಡೊಡನೆ ಆ ಚಲನೆ ನಿಂತುಹೋಗುವುದನ್ನು ಕಂಡರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ರಸ ದೇಹವನ್ನು ಕಾದಾಟಕ್ಕೋ ಪಲಾಯನಕ್ಕೋ ಸಜ್ಜುಗೊಳಿಸುತ್ತದೆಂಬುದನ್ನು 1915ರ ತಮ್ಮ ಗ್ರಂಥದಲ್ಲಿ ಅವರು ಪ್ರತಿಪಾದಿಸಿದರು. 1936ರಲ್ಲಿ ಮಾಂಟ್ರಿಯಲಿನ ಹ್ಯಾನ್ಸ್ ಸೆಲ್ಯೆ ಅವರು ಚಳಿ, ಗಾಯ, ವಿಷ, ಅತಿಶ್ರಮ ಹೀಗೆ ಬೇರೆಬೇರೆ ಕಾಟಗಳಿಗೆ ಒಳಗಾದ ಇಲಿಗಳಲ್ಲೆಲ್ಲ ಒಂದೇ ಬಗೆಯ ಹಾನಿ ಕಾಣುವುದನ್ನು ವರದಿ ಮಾಡಿದರು: ಅಡ್ರಿನಲ್ ಗ್ರಂಥಿಗಳು ಊದಿದ್ದವು, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣುಗಳಾಗಿದ್ದವು. 1981ರಲ್ಲಿ ವೈಲಿ ವೇಲ್ ಅವರ ತಂಡದವರು ಈ ಸರಪಳಿಯ ಮೊದಲ ಕೊಂಡಿಯನ್ನು ಕುರಿಯ ಹೈಪೊಥಲಾಮಸಿನಿಂದ ಬೇರ್ಪಡಿಸಿದರು. 41 ಅಮೈನೋ ಆಮ್ಲಗಳ ಪುಟ್ಟ ಸರವದು. ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ; ಪಿಟ್ಯುಟರಿಯ ಹಾರ್ಮೋನು ಅಡ್ರಿನಲನ್ನು ಎಬ್ಬಿಸುತ್ತದೆ; ಅಡ್ರಿನಲ್ ಗ್ರಂಥಿಯಿಂದ ಹೊರಟ ಕಾರ್ಟಿಸಾಲಿನಂಥ ರಸ ಸಕ್ಕರೆಯನ್ನು ಒದಗಿಸಿ, ಸದ್ಯಕ್ಕೆ ಬೇಡವಾದ ಕೆಲಸಗಳನ್ನು ಮುಂದಕ್ಕೆ ತಳ್ಳಿ, ಕೊನೆಗೆ ಮಿದುಳಿಗೇ ಮರಳಿ ‘ಇನ್ನು ಸಾಕು’ ಎಂದು ತಿಳಿಸುತ್ತದೆ.

ಈ ಏರ್ಪಾಡಿನಲ್ಲಿ ದೋಷವೇನೂ ಇಲ್ಲ. ಇದಿಲ್ಲದ ಪ್ರಾಣಿ ಕಾಡಿನಲ್ಲಿ ಒಂದು ದಿನವೂ ಉಳಿಯಲಾರದು. ಅಪಾಯ ಬಂತು, ದೇಹ ಎದ್ದಿತು, ಅಪಾಯ ಕಳೆಯಿತು, ದೇಹ ತಣಿಯಿತು ಎಂಬಷ್ಟರಲ್ಲಿ ಮುಗಿದರೆ ಎಲ್ಲವೂ ಸರಿ. ತಣಿಯಲು ಅವಕಾಶವೇ ಇಲ್ಲದಾಗ ಏನಾಗುವುದು? ಈ ಪ್ರಶ್ನೆಗೆ ಜಗತ್ತು ಮನ್ನಿಸಿದ ಉತ್ತರಗಳಲ್ಲಿ ಕೆಲವು ನಮ್ಮ ಬೆಂಗಳೂರಿನಿಂದಲೇ ಬಂದಿವೆ ಎಂಬುದು ವಾಚಕರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್ ಸಂಸ್ಥೆಯ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿಡಲಾಗಿತ್ತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಆದರೆ ಬಾದಾಮಿಗಂಟಿನಲ್ಲಿ ಅದಕ್ಕೆ ವಿರುದ್ಧವಾಗಿ ಕವಲುಗಳು ಹಬ್ಬಿ ಬೆಳೆದಿದ್ದವು. ಎಲ್ಲಿ ಯಾವಾಗ ಏನಾಯಿತೆಂದು ನೆನೆಯುವ ಅಂಗ ಸೊರಗಿತು, ಅಪಾಯವನ್ನು ಸಾರುವ ಅಂಗ ಕೊಬ್ಬಿತು ಎಂದು ಇದನ್ನು ಸ್ಥೂಲವಾಗಿ ಹೇಳಬಹುದು. ಅನಂತರ 21 ದಿನ ಯಾವ ಕಾಟವನ್ನೂ ಕೊಡದೆ ಬಿಟ್ಟು ನೋಡಿದಾಗಲೂ ಬಾದಾಮಿಗಂಟಿನ ಬೆಳವಣಿಗೆ ಇಳಿದಿರಲಿಲ್ಲ, ಇಲಿಗಳ ಅಂಜುಬುರುಕುತನವೂ ಹೋಗಿರಲಿಲ್ಲವೆಂದು 2004ರಲ್ಲಿ ಅದೇ ಗುಂಪಿನವರು ತೋರಿಸಿಕೊಟ್ಟರು. 2005ರ ಪ್ರಯೋಗ ಇನ್ನೂ ಗಂಭೀರವಾದುದು: ಒಂದೇ ಒಂದು ಸಲ 2 ಗಂಟೆ ಬಂಧಿಸಿದ ಇಲಿಯ ಮಿದುಳಿನಲ್ಲಿ ಮರುದಿನ ಯಾವ ಬದಲಾವಣೆಯೂ ಕಾಣಲಿಲ್ಲ, ಆದರೆ 10 ದಿನಗಳ ಅನಂತರ ಬಾದಾಮಿಗಂಟಿನ ನರಕೋಶಗಳಲ್ಲಿ ಹೊಸ ಮುಳ್ಳುಗಳಂಥ ಸಂಪರ್ಕಸ್ಥಾನಗಳು ಮೂಡಿದ್ದವು.

ಇದರ ಅರ್ಥವನ್ನು ಸ್ವಲ್ಪ ಆಲೋಚಿಸಬೇಕು. ಕಾಟ ಮುಗಿದ ಮರುದಿನ ಪ್ರಾಣಿಯನ್ನು ನೋಡಿ ‘ಏನೂ ಆಗಿಲ್ಲ’ ಎಂದವನು ಸುಳ್ಳು ಹೇಳುತ್ತಿಲ್ಲ. ಅವನು ನೋಡಿದ ದಿನ ಏನೂ ಆಗಿರಲಿಲ್ಲ. ಆಗುವುದು ಇನ್ನು ಮುಂದೆ ಇತ್ತು.

ಪ್ರಯೋಗಶಾಲೆಯ ಇಲಿಗೆ ಸಲ್ಲುವುದು ಬಯಲಿನ ಪ್ರಾಣಿಗೆ ಸಲ್ಲುವುದೆ ಎಂದು ಕೇಳುವುದು ನ್ಯಾಯವಾದುದೇ. ಇದಕ್ಕೂ ಸಾಕ್ಷ್ಯವಿದೆ. ಅಮೆರಿಕದ ಮಿನ್ನೆಸೋಟ ಪ್ರಾಂತದ ಕಪ್ಪು ಕರಡಿಗಳ ದೇಹದಲ್ಲಿ ಎದೆಬಡಿತವನ್ನು ದಾಖಲಿಸುವ ಪುಟ್ಟ ಯಂತ್ರಗಳನ್ನಿಟ್ಟು, ಅವುಗಳ ಮೇಲೆ ಡ್ರೋನುಗಳನ್ನು ಹಾರಿಸಿ ನೋಡಿದ ವರದಿ 2015ರಲ್ಲಿ ಪ್ರಕಟವಾಯಿತು. ಕರಡಿಗಳು ಎದ್ದು ಓಡಿದ್ದು ಅಪರೂಪ. ಹೊರನೋಟಕ್ಕೆ ಅವು ಲಕ್ಷ್ಯವೇ ಮಾಡದಂತಿದ್ದವು. ಆದರೆ ಅವುಗಳ ಎದೆಬಡಿತ ಏರಿತ್ತು. ಒಂದು ಸಂದರ್ಭದಲ್ಲಂತೂ ನಿಮಿಷಕ್ಕೆ 123ರಷ್ಟು ಹೆಚ್ಚಿತ್ತು. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೊಟ್ಟೆಯ ಮೇಲೆ ಕಾವು ಕೂತ ಹಂಬೋಲ್ಟ್ ಪೆಂಗ್ವಿನ್ ಪಕ್ಷಿಯಿಂದ 150 ಮೀಟರು ದೂರದಲ್ಲಿ ಮನುಷ್ಯನೊಬ್ಬನು ಹಾದುಹೋದರೂ ಅದರ ಎದೆಬಡಿತ ಬದಲಾಗುವುದು ಕಂಡುಬಂತು. ನೇರವಾಗಿ ಸಮೀಪಿಸಿದರೆ ಮೊದಲಿನ ಸ್ಥಿತಿಗೆ ಮರಳಲು ಅರ್ಧ ಗಂಟೆಯವರೆಗೂ ಹಿಡಿಯುತ್ತಿತ್ತು. ಪಕ್ಷಿ ಗೂಡನ್ನು ಬಿಟ್ಟು ಏಳಲಿಲ್ಲವೆಂಬುದರಿಂದ ಪ್ರವಾಸಿಗೆ ಇದಾವುದೂ ತಿಳಿಯುವಂತಿಲ್ಲ.

ಎದೆಬಡಿತ ಏರಿದರೇನಾಯಿತು, ಪ್ರಾಣಿ ಸಾಯುವುದಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಕೆನಡದ ಪಶ್ಚಿಮ ತೀರದ ದ್ವೀಪಗಳಲ್ಲಿ ಲಿಯಾನಾ ಝಾನೆಟ್ ಮತ್ತು ಸಂಗಡಿಗರು ಹಾಡುವ ಗುಬ್ಬಚ್ಚಿಗಳ ಗೂಡುಗಳನ್ನು ವಿದ್ಯುತ್ ಬೇಲಿ ಹಾಗೂ ಬಲೆಗಳಿಂದ ರಕ್ಷಿಸಿದರು; ಯಾವ ಬೇಟೆಗಾರ ಪ್ರಾಣಿಯೂ ಹತ್ತಿರ ಬರುವಂತಿರಲಿಲ್ಲ. ಆಮೇಲೆ ಸಂತಾನದ ಕಾಲದುದ್ದಕ್ಕೂ ಕೆಲವು ಗೂಡುಗಳ ಬಳಿ ಬೇಟೆಗಾರ ಪ್ರಾಣಿಗಳ ಕೂಗನ್ನೂ, ಉಳಿದವುಗಳ ಬಳಿ ನಿರಪಾಯಕಾರಿ ಪ್ರಾಣಿಗಳ ಕೂಗನ್ನೂ ಧ್ವನಿವರ್ಧಕದಿಂದ ಕೇಳಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬೆದರಿಕೆಯ ಕೂಗನ್ನು ಕೇಳಿದ ಜೋಡಿಗಳು ಆ ವರ್ಷ ಶೇಕಡ 40ರಷ್ಟು ಕಡಿಮೆ ಮರಿಗಳನ್ನು ಪಡೆದವು. ಒಂದು ಹಕ್ಕಿಯನ್ನೂ ಯಾವ ಪ್ರಾಣಿಯೂ ಮುಟ್ಟಿರಲಿಲ್ಲ. ಅಂಜಿಕೆಯೊಂದೇ ಅಷ್ಟು ಮರಿಗಳನ್ನು ನುಂಗಿತ್ತು. ಇನ್ನು ನೇರವಾಗಿ ಸಾಯುವ ಪ್ರಾಣಿಗಳೂ ಇಲ್ಲದಿಲ್ಲ. ಜಿಂಕೆ, ಕೃಷ್ಣಮೃಗಗಳನ್ನು ಅಟ್ಟಿಸಿಕೊಂಡು ಹಿಡಿದು ಸಾಗಿಸುವಾಗ, ಮೈಮೇಲೆ ಗಾಯವಿಲ್ಲದಿದ್ದರೂ, ಅವುಗಳ ಸ್ನಾಯುಗಳು ಒಳಗೇ ಕೆಟ್ಟು, ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಅವು ಸಾಯುವುದುಂಟೆಂಬುದನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಾವು ಅನ್ಯಾಯ ಮಾಡಿದಂತಾಗುವುದು. ಮೇಲೆ ವರ್ಣಿಸಿದ ನರಜಾಲಗಳನ್ನು ‘ಭಯದ ಕೇಂದ್ರ’ ಎಂದು ಕರೆಯುವುದಕ್ಕೆ ಬಲವಾದ ಆಕ್ಷೇಪಣೆಯಿದೆ. ಬಾದಾಮಿಗಂಟಿನ ಅಧ್ಯಯನಕ್ಕೆ ತಮ್ಮ ಬಾಳನ್ನೇ ಮುಡಿಪಿಟ್ಟ ಜೋಸೆಫ್ ಲೆಡೂ ಅವರೇ ಆ ಆಕ್ಷೇಪಣೆಯನ್ನೆತ್ತಿದವರಲ್ಲಿ ಪ್ರಮುಖರು. ಈ ಜಾಲಗಳು ರಕ್ಷಣೆಯ ವರ್ತನೆಯನ್ನು ನಡೆಸುತ್ತವೆ, ನಿಜ. ಆದರೆ ನಾವು ಭಯವೆಂದು ಅನುಭವಿಸುವ ಒಳಗಿನ ಭಾವವೂ ಅವುಗಳಿಂದಲೇ ಹುಟ್ಟುತ್ತದೆಂದು ಹೇಳಲು ಆಧಾರ ಸಾಲದೆಂಬುದು ಅವರ ವಾದ. 2013ರಲ್ಲಿ ವರದಿಯಾದ ಸಂಗತಿಯೊಂದು ಈ ವಾದಕ್ಕೆ ಪುಷ್ಟಿಕೊಡುತ್ತದೆ: ಎರಡೂ ಕಡೆಯ ಬಾದಾಮಿಗಂಟು ಹಾಳಾಗಿದ್ದ ರೋಗಿಗಳು ಇಂಗಾಲಾಮ್ಲವಾಯು ಬೆರೆತ ಗಾಳಿಯನ್ನು ಉಸಿರಾಡಿದಾಗ ವಿಪರೀತವಾದ ದಿಗಿಲಿಗೆ ಒಳಗಾದರು. ಭಯಕ್ಕೆ ಅದೊಂದೇ ಮನೆಯಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಎಚ್ಚರಿಕೆಯನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಇದನ್ನೇ ಹಿಡಿದು, ‘ಪ್ರಾಣಿಗೆ ಭಯವಾಗುತ್ತದೆಯೆಂದು ಸಿದ್ಧವಾಗಿಲ್ಲ, ಆದುದರಿಂದ ಚಿಂತೆಯಿಲ್ಲ’ ಎಂದು ವಾದಿಸುವುದು ಸರಿಯಲ್ಲ. ಕೋಳಿಯ, ಕರಡಿಯ ಒಳಗಿನ ಅನುಭವ ಎಂಥದೆಂದು ನಾವು ಹೇಳಲಾರೆವು; ಆದರೆ ಅವುಗಳ ಎದೆ ಎಷ್ಟು ಸಲ ಬಡಿಯಿತು, ರಕ್ತದಲ್ಲಿ ಕಾರ್ಟಿಸಾಲ್ ಎಷ್ಟು ಏರಿತು, ಮರಿಗಳು ಎಷ್ಟು ಉಳಿದವು ಎಂಬುದನ್ನು ಹೇಳಬಲ್ಲೆವು. ನಮ್ಮ ವಾದ ನಿಂತಿರುವುದು ಈ ಅಳತೆಗಳ ಮೇಲೆ. ಅನುಭವದ ವಿಷಯದಲ್ಲಿ ಸಂದೇಹವಿದ್ದಾಗ, ಆ ಸಂದೇಹದ ಲಾಭವನ್ನು ಪ್ರಾಣಿಗೆ ಕೊಡುವುದು ಉಚಿತವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಆಕ್ಷೇಪಣೆಯೂ ಉಂಟು. ‘ನಿಶ್ಚಲವಾದ ಪ್ರಾಣಿಯೆಲ್ಲ ಅಂಜಿದ್ದೆಂದರೆ, ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುವ ಹಸುವಿನ ಗತಿಯೇನು? ಸಾಕಿದ ಪ್ರಾಣಿಗೆ ನೆಮ್ಮದಿಯೇ ಇಲ್ಲವೆ?’ ಖಂಡಿತವಾಗಿಯೂ ಉಂಟು. ಹಾಗೆಯೇ ಪ್ರಾಣಿಗಳು ಹೊಸದಕ್ಕೆ ನಿಜವಾಗಿಯೂ ಹೊಂದಿಕೊಳ್ಳುವುದೂ ಉಂಟು. ಡ್ರೋನನ್ನು ಮತ್ತೆ ಮತ್ತೆ ಕಂಡ ಕರಡಿಗಳ ಎದೆಬಡಿತದ ಏರಿಕೆ ಕ್ರಮೇಣ ತಗ್ಗಿತೆಂದು 2019ರ ಅಧ್ಯಯನವೊಂದು ತಿಳಿಸಿದೆ. ಆದರೆ ಗಮನಿಸಬೇಕಾದ ಅಂಶವೆಂದರೆ, ಮೊದಲ ದಿನದ ಕರಡಿಗೂ ಕೊನೆಯ ದಿನದ ಕರಡಿಗೂ ಇದ್ದ ಈ ಭೇದವನ್ನು ತಿಳಿಸಿದ್ದು ಎದೆಬಡಿತದ ಯಂತ್ರ, ನೋಡುವವನ ಕಣ್ಣಲ್ಲ. ನೆಮ್ಮದಿಗೆ ತನ್ನದೇ ಆದ ಲಕ್ಷಣಗಳಿವೆ. ಮೆಲುಕು ಹಾಕುವುದು ಅವುಗಳಲ್ಲೊಂದು. ಕಳವಳಗೊಂಡ ಹಸು ಮೆಲುಕು ನಿಲ್ಲಿಸುತ್ತದೆ. ಹೊಸಬರು ಕರೆಯಲು ಕುಳಿತರೆ ಹಸು ಒದೆಯದೆ ನಿಂತಿದ್ದರೂ ಹಾಲು ಬಿಡುವುದಿಲ್ಲವೆಂಬುದು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆಲ್ಲ ತಿಳಿದ ವಿಷಯ. 1941ರಲ್ಲಿ ಈಲಿ ಮತ್ತು ಪೀಟರ್ಸನ್ ಎಂಬವರು ಹಸುಗಳನ್ನು ಬೆದರಿಸಿ ಹಾಲು ಇಳಿಯದಿರುವುದನ್ನು ತೋರಿಸಿ, ಇದಕ್ಕೆ ಹಾರ್ಮೋನಿನ ಕಾರಣವನ್ನು ಕೊಟ್ಟರು. ಹಸುವಿನ ಕಾಲು ಸುಮ್ಮನಿದ್ದರೂ ಕೆಚ್ಚಲು ಸತ್ಯವನ್ನು ಹೇಳುತ್ತದೆ. ಪ್ರಾಣಿ ಏನನ್ನು ಮಾಡಲಿಲ್ಲ ಎಂಬುದಕ್ಕಿಂತ ಏನನ್ನು ಮಾಡುತ್ತಿದೆ ಎಂಬುದನ್ನು ನೋಡಬೇಕೆಂಬುದೇ ಇದರ ಪಾಠ.

ಈ ಪಾಠ ವಿಜ್ಞಾನಿಗಳಿಗೂ ಬೇಕಾಗಿದೆ. ಇಲಿಯನ್ನು ಬಾಲ ಹಿಡಿದು ಎತ್ತುವುದು ಪ್ರಯೋಗಶಾಲೆಗಳಲ್ಲಿ ಬಹುಕಾಲದ ರೂಢಿ. ಬಾಲ ಹಿಡಿಯುವ ಬದಲು ಬೊಗಸೆಯಲ್ಲಿ ಅಥವಾ ಕೊಳವೆಯೊಂದರಲ್ಲಿ ಎತ್ತಿಕೊಂಡರೆ ಇಲಿಯ ಆತಂಕ ಎಷ್ಟೋ ಕಡಿಮೆಯಾಗುತ್ತದೆಂದು 2010ರಲ್ಲಿ ಲಿವರ್‌ಪೂಲಿನ ಹರ್ಸ್ಟ್ ಮತ್ತು ವೆಸ್ಟ್ ತೋರಿಸಿದರು. ಪ್ರಯೋಗ ಮಾಡುವವನು ಗಂಡಸಾದರೆ ಅವನ ಮೈವಾಸನೆಯಿಂದಲೇ ಇಲಿಗಳಲ್ಲಿ ಒತ್ತಡದ ಪ್ರತಿಕ್ರಿಯೆ ಏಳುತ್ತದೆಂದು 2014ರಲ್ಲಿ ಮಾಂಟ್ರಿಯಲಿನಿಂದ ವರದಿಯಾಯಿತು. ಅಂದಮೇಲೆ, ಆತಂಕಕ್ಕೆ ಔಷಧವನ್ನು ಹುಡುಕುವ ಪ್ರಯೋಗದಲ್ಲಿ ಇಲಿ ಮೊದಲೇ ಆತಂಕಗೊಂಡಿದ್ದರೆ, ಬಂದ ಫಲಿತಾಂಶ ಔಷಧದ್ದೋ ಬಾಲ ಹಿಡಿದ ಕೈಯದೋ? ವೇಲ್ ಅವರು ಬೇರ್ಪಡಿಸಿದ ಹಾರ್ಮೋನನ್ನು ತಡೆಯುವ ಔಷಧಗಳು ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿ, ಮನುಷ್ಯರ ಆತಂಕ ಮತ್ತು ಖಿನ್ನತೆಗಳ ಪರೀಕ್ಷೆಗಳಲ್ಲಿ ಸೋತುಹೋದವು. ಈ ಸೋಲಿಗೆ ಕಾರಣಗಳು ಹಲವಿರಬಹುದು. ಆದರೆ ಇಲಿಯ ಮೌನವನ್ನು ಸರಿಯಾಗಿ ಓದದೆ ಮನುಷ್ಯನ ಕಳವಳವನ್ನು ಓದಹೊರಡುವುದು ವಿವೇಕವಲ್ಲ. ಪ್ರಾಣಿದಯೆಗಾಗಿ ಅಲ್ಲದಿದ್ದರೂ ತಮ್ಮ ವಿಜ್ಞಾನದ ಶುದ್ಧಿಗಾಗಿಯಾದರೂ ಸಂಶೋಧಕರು ಇದಕ್ಕೆ ಗಮನ ಕೊಡಬೇಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹಿಂದುಳಿದಿದೆಯೆಂದು ಹೇಳುವಂತಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆ ಅನಾವಶ್ಯಕವಾದ ನೋವನ್ನೂ ಸಂಕಟವನ್ನೂ ನಿಷೇಧಿಸಿದೆ. ಇಂಗ್ಲೆಂಡಿನಲ್ಲಿ 1965ರ ಬ್ರಾಂಬೆಲ್ ಸಮಿತಿಯ ವರದಿಯಿಂದ ಮೊದಲಾಗಿ ಮುಂದೆ ರೂಪುಗೊಂಡ ಪ್ರಾಣಿಗಳ ‘ಐದು ಸ್ವಾತಂತ್ರ್ಯ’ಗಳಲ್ಲಿ ಅಂಜಿಕೆ ಮತ್ತು ಸಂಕಟಗಳಿಂದ ಬಿಡುಗಡೆಯೂ ಒಂದು, ನಮ್ಮ ಸರ್ವೋಚ್ಚ ನ್ಯಾಯಾಲಯ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಇವುಗಳನ್ನು ಎತ್ತಿಹಿಡಿಯಿತು. ಆಮೇಲೆ ರಾಜ್ಯಗಳು ಕಾಯಿದೆಗೆ ತಿದ್ದುಪಡಿ ಮಾಡಿಕೊಂಡವು. ಜಲ್ಲಿಕಟ್ಟು, ಕಂಬಳ ಮೊದಲಾದವುಗಳಿಗೆ ಎಡೆಕೊಟ್ಟ ಆ ತಿದ್ದುಪಡಿಗಳನ್ನು 2023ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠ ಮಾನ್ಯ ಮಾಡಿತು. ಆ ವಿವಾದದ ತೀರ್ಮಾನ ನಮ್ಮ ಉದ್ದೇಶವಲ್ಲ. ನಮ್ಮ ಪ್ರಶ್ನೆ ಬೇರೆ: ಅಂಜಿಕೆಯಿಂದ ಬಿಡುಗಡೆ ಎಂಬ ಮಾತನ್ನು ಒಪ್ಪಿದಮೇಲೆ, ಅಂಜಿಕೆಯನ್ನು ಅಳೆಯುವವರು ಯಾರು, ಹೇಗೆ? ಬಾಸುಂಡೆ, ರಕ್ತ, ಆರ್ತನಾದಗಳನ್ನಷ್ಟೇ ಸಾಕ್ಷಿಯೆಂದು ಹಿಡಿದರೆ ಮೌನವಾಗಿ ನರಳುವ ಪ್ರಾಣಿಗೆ ಕಾನೂನಿನ ನೆರಳು ತಟ್ಟುವುದೇ ಇಲ್ಲ.

ಅಳೆಯುವ ಸಾಧನಗಳು ಈಗ ನಮ್ಮಲ್ಲಿಯೇ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಹೈದರಾಬಾದಿನ ಪ್ರಯೋಗಶಾಲೆಯಲ್ಲಿಯೂ ಆನೆಗಳನ್ನು ಮುಟ್ಟದೆ, ಅವುಗಳ ಲದ್ದಿಯಿಂದಲೇ ಒತ್ತಡದ ಹಾರ್ಮೋನುಗಳ ಪ್ರಮಾಣವನ್ನು ಅಳೆಯುವ ಕೆಲಸ ನಡೆದಿದೆ. ಇಂಥ ಪರೀಕ್ಷೆಗಳು ಸಂಶೋಧಕರ ಪ್ರಬಂಧಗಳಲ್ಲಿಯೇ ಉಳಿಯದೆ ಮೃಗಾಲಯ, ಆನೆಬಿಡಾರ, ಉತ್ಸವಗಳ ನಿತ್ಯದ ಆಡಳಿತಕ್ಕೆ ಬರಬೇಕು. ಪ್ರವಾಸಿಗರ ವಾಹನಗಳು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು, ಪ್ರಾಣಿ ಓಡಿತೇ ಇಲ್ಲವೇ ಎಂಬುದರಿಂದಲ್ಲದೆ ಇಂಥ ಅಳತೆಗಳಿಂದ ನಿರ್ಧರಿಸಬೇಕು. ಬಂಧನದಲ್ಲಿರುವ ಪ್ರತಿಯೊಂದು ಪ್ರಾಣಿಗೂ ಜನರ ಕಣ್ಣಿಗೆ ಬೀಳದೆ ಮರೆಯಾಗಬಹುದಾದ ಒಂದು ಮೂಲೆಯನ್ನು ಕಡ್ಡಾಯವಾಗಿ ಒದಗಿಸಬೇಕು. ಓಡಿಹೋಗಲು ಗೂಡಿದ್ದ ಇಲಿ ಓಡಿತು, ಗೂಡಿಲ್ಲದ ಇಲಿ ಕಲ್ಲಾಯಿತು ಎಂಬ ಪ್ರಯೋಗ ಹೇಳುವುದು ಇದನ್ನೇ. ಮರೆಯಾಗುವ ಎಡೆ ಇದ್ದೂ ನಮ್ಮೆದುರಿಗೆ ಉಳಿದ ಪ್ರಾಣಿಯ ವಿಷಯದಲ್ಲಿ ಮಾತ್ರ ಅದು ತಾನಾಗಿ ಉಳಿಯಿತೆಂದು ನಾವು ಸ್ವಲ್ಪವಾದರೂ ಧೈರ್ಯದಿಂದ ಹೇಳಬಹುದು.

ಇದಕ್ಕೆ ವೆಚ್ಚವಾಗುವುದು ನಿಜ. ನೋಡಬಂದವರಿಗೆ ಪ್ರಾಣಿ ಕಾಣದೆ ಹೋಗುವ ದಿನಗಳೂ ಇರುವುವು. ಆದರೆ ಪ್ರಾಣಿ ಕಾಣದೆ ಹೋಗುವುದು ಕೂಡ ಒಂದು ಉತ್ತರವೇ. ಕೋಟ್ಯಂತರ ವರ್ಷಗಳ ಕಾಲ ಹದ್ದು ಹಾವುಗಳಿಗೆ ಅಂಜಿ ಉಳಿದು ಬಂದ ಮಿದುಳು ಅದು. ಅದರ ಮೌನದಲ್ಲಿ ಒಪ್ಪಿಗೆಯನ್ನು ಓದುವ ಮೊದಲು, ಬೇಡವೆನ್ನಲು ಅದಕ್ಕೆ ನಾವು ಎಡೆಯನ್ನು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ.